ವೀಸಾ ಬಂದದ, ಖರೆ. ಯಾವ ವೀಸಾ?

ನಮ್ಮ ಕಲಬುರಗಿ ಕಡೆ ಹಳ್ಳಿಯಲ್ಲಿ ಒಬ್ಬ ಹುಡುಗನಿಗೆ 'ವೀಸಾ ಬಂತು' ಅಂದರೆ ನೌಕರಿ ಸಿಕ್ಕಿತು ಅಂತಲೇ ಅರ್ಥ. ಯಾವ ವೀಸಾ ಅಂತ ಕೇಳುವವರು ಕಡಿಮೆ. ಪತ್ರಿಕೋದ್ಯಮ ಓದಿ ಊರಿಗೆ ಬಂದ ನನ್ನ ಫೋನಿಗೆ ಸುದ್ದಿಗಿಂತ ಇಂಥ ಪೇಪರುಗಳ ಫೋಟೊಗಳೇ ಜಾಸ್ತಿ ಬರುತ್ತವೆ. ಎಲ್ಲಾ ಇಂಗ್ಲಿಷು, ಅರಬ್ಬಿ. "ಅಕ್ಕಾ, ಇದರಾಗ ಏನು ಬರದಾರ ನೋಡ್ರಿ" ಅಂತಾರೆ.

ಕಳೆದ ತಿಂಗಳು ನಮ್ಮ ಓಣಿಯ ಗೌಂಡಿ ಹುಡುಗ ದುಬೈ ವೀಸಾ ಕಳಿಸಿದ. ಎಂಟನೇ ತರಗತಿಗೆ ಶಾಲೆ ಬಿಟ್ಟವ, ಕೈಕೆಲಸ ಚೊಕ್ಕ. ಏಜೆಂಟನಿಗೆ ಆಗಲೇ 40 ಸಾವಿರ ಕೊಟ್ಟಾಗಿತ್ತು. ವಿಮಾನ ಹತ್ತುವ ಮುಂಚೆ ಇನ್ನೂ 50 ಸಾವಿರ ಕೊಡಬೇಕು. ಅವರವ್ವ ಬಳೆ ಒತ್ತೆ ಇಡಲು ತಯಾರಾಗಿದ್ದಳು. ಪೇಪರಿನಲ್ಲಿ ಇದ್ದದ್ದು ಟೂರಿಸ್ಟ್ ವೀಸಾ, 60 ದಿನದ್ದು. ಕಂಪನಿಯ ಹೆಸರಿಲ್ಲ, ಪಗಾರದ ಮಾತಿಲ್ಲ.

"ಅಲ್ಲಿ ಹೋದ ಮ್ಯಾಲ ಕೆಲಸದ ವೀಸಾ ಮಾಡಿಕೊಡ್ತಾರಂತ್ರಿ ಅಕ್ಕಾ" ಅಂದ.

ಹಾಗೆ ಹೋಗಿ ವೀಸಾ ಬದಲಿಸಿಕೊಂಡವರೂ ಇದ್ದಾರೆ. ಅದಕ್ಕೇ ಈ ಮಾತು ಓಡುತ್ತದೆ. ಆದರೆ ಬದಲಾಗುವ ತನಕ ಅಲ್ಲಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ, ಅಂದರೆ ಸಾವಿರ ರೂಪಾಯಿಗೂ ಮೇಲೆ. ಪಗಾರ ಕೊಡದಿದ್ದರೆ ಕೇಳಲು ಕೈಯಲ್ಲಿ ಕರಾರು ಪತ್ರವೇ ಇರುವುದಿಲ್ಲ. 2024ರಲ್ಲಿ ಯುಎಇ ಸರ್ಕಾರ, ಅವಧಿ ಮೀರಿ ಉಳಿದವರು ದಂಡ ಕಟ್ಟದೆ ಊರಿಗೆ ಹೋಗಲಿ, ಇಲ್ಲವೇ ಕಾಗದ ಸರಿ ಮಾಡಿಕೊಳ್ಳಲಿ ಅಂತ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಅವಕಾಶ ಕೊಟ್ಟಿತ್ತು. ಅಂಥ ಅವಕಾಶ ಪ್ರತಿ ವರ್ಷ ಬರುವುದಿಲ್ಲ.

ಏಜೆಂಟ್ ಕೆಲಸದ ವೀಸಾ ಬಿಟ್ಟು ಟೂರಿಸ್ಟ್ ವೀಸಾ ಏಕೆ ಮಾಡಿಸಿದ? ಉತ್ತರ ಆ ಹುಡುಗನ ಪಾಸ್‌ಪೋರ್ಟಿನಲ್ಲೇ ಇದೆ, ಇಸಿಆರ್ ಅಂತ ಮೂರು ಅಕ್ಷರ. ಸಾಮಾನ್ಯವಾಗಿ 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇದು ಬೀಳುತ್ತದೆ. ಇಂಥವರು ದುಡಿಯಲು ಹೋಗುವಾಗ ನಮ್ಮದೇ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಸೌದಿ, ಯುಎಇ, ಕತಾರ್, ಒಮಾನ್, ಕುವೈತ್, ಬಹ್ರೇನ್ ಸೇರಿ 18 ದೇಶಗಳಿಗೆ ಇದು ಲಾಗೂ. 1983ರ ಕಾಯ್ದೆಯಿಂದ ಬಂದದ್ದು. ಸುತ್ತಾಡಲು ಹೋಗುವವರಿಗೆ ಈ ಕ್ಲಿಯರೆನ್ಸ್ ಬೇಕಿಲ್ಲ. ಏಜೆಂಟ್ ನುಸುಳುವುದು ಇದೇ ಸಂದಿಯಲ್ಲಿ.

ಈ ಮೂರು ಅಕ್ಷರ ನನಗೂ ಮೊದಲಿನಿಂದ ಸೇರುವುದಿಲ್ಲ. ಓದದವನಿಗೆ ಮುದ್ರೆ ಒತ್ತಿದ ಹಾಗೆ. 2018ರ ಜನವರಿಯಲ್ಲಿ ಇಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟನ್ನೇ ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. ದೂರದಿಂದಲೇ ಇವ ಶಾಲೆ ಬಿಟ್ಟವ ಅಂತ ಗೊತ್ತಾಗಲಿ ಅಂತಲೋ ಏನೋ! ಜನ ಬೈದ ಮೇಲೆ ಅದೇ ತಿಂಗಳು ಕೈಬಿಟ್ಟರು. ಒಳ್ಳೆಯದಾಯಿತು.

ಆದರೂ ಕ್ಲಿಯರೆನ್ಸ್ ತಗೊಂಡೇ ಹೋಗು ಅಂತ ನಾನು ಹೇಳುತ್ತೇನೆ. ಅದು ಸಿಗಬೇಕಾದರೆ ಕೆಲಸ ಕೊಡುವ ಕಂಪನಿ ಯಾವುದು, ಪಗಾರ ಎಷ್ಟು ಅನ್ನುವ ಕರಾರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇರಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ ಮತ್ತು ತೆರಿಗೆ, ಅಷ್ಟೇ. ಅಪಘಾತದಲ್ಲಿ ಸತ್ತರೆ, ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಸಾರವೆ ಹತ್ತಿ ಕೆಲಸ ಮಾಡುವವನಿಗೆ ಇದು ಸಣ್ಣ ಮಾತಲ್ಲ. ಟೂರಿಸ್ಟ್ ಆಗಿ ಹೋದವನಿಗೆ ಇದ್ಯಾವುದೂ ಇಲ್ಲ.

ರೊಕ್ಕದ ಲೆಕ್ಕವೂ ಇದೆ. ಲೈಸೆನ್ಸ್ ಇರುವ ಏಜೆಂಟ್ ತಗೊಳ್ಳಬಹುದಾದ ಫೀ ಹೆಚ್ಚೆಂದರೆ 30 ಸಾವಿರ, ಮೇಲೆ 18% ಜಿಎಸ್‌ಟಿ. ಒಟ್ಟು 35,400. ರಸೀದಿ ಕೊಡಬೇಕು. ನಮ್ಮ ಹುಡುಗನಿಗೆ ಹೇಳಿದ್ದು 90 ಸಾವಿರ, ರಸೀದಿ ಇಲ್ಲ.

ಲೈಸೆನ್ಸ್ ನಂಬರ್ ಕೇಳು ಅಂದೆ. ಸ್ಪೀಕರ್ ಹಾಕಿ ನನ್ನೆದುರೇ ಫೋನ್ ಮಾಡಿದ. ಆ ಕಡೆಯಿಂದ, "ನಂಬರ್ ತಗೊಂಡು ಏನ್ ಮಾಡ್ತಿ? ನಂಬಿಕಿ ಇಲ್ಲಂದ್ರ ಬಿಡು, ಸಾಲಿನಾಗ ಹತ್ತು ಮಂದಿ ನಿಂತಾರ." ಇ-ಮೈಗ್ರೇಟ್‌ನಲ್ಲಿ ಲೈಸೆನ್ಸ್ ಇರುವ ಏಜೆಂಟರ ಪಟ್ಟಿ ಯಾರು ಬೇಕಾದರೂ ನೋಡಬಹುದು. ಅವನ ಹೆಸರು ಹುಡುಕಿದೆವು, ಸಿಗಲಿಲ್ಲ.

ಬಳೆ ಮನೆಯಲ್ಲೇ ಉಳಿದವು. ಆ 40 ಸಾವಿರ ಇನ್ನೂ ವಾಪಸ್ ಬಂದಿಲ್ಲ. "ಹೋದಂಗೇನವ್ವಾ?" ಅಂತ ಅವರವ್ವ ನಿನ್ನೆಯೂ ಕೇಳಿದಳು. ಫೋನ್‌ಪೇ ಮಾಡಿದ ದಾಖಲೆ ಇದೆ, ಅದನ್ನು ಹಿಡಿದು ದೂರು ಬರೆದಿದ್ದೇವೆ. ಹುಡುಗ ಸದ್ಯ ಸೇಡಂ ರಸ್ತೆಯಲ್ಲಿ ಒಂದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾನೆ. ದುಬೈ ಆಸೆ ಬಿಟ್ಟಿಲ್ಲ. ಏಕೆ ಬಿಡಬೇಕು?

ಅದೇ ಏಜೆಂಟ್ ಪಕ್ಕದ ಊರಿನ ಇನ್ನಿಬ್ಬರಿಗೂ ಇದೇ 60 ದಿನದ ವೀಸಾ ಕಳಿಸಿದ್ದಾನಂತೆ. ಅವರ ಪಾಸ್‌ಪೋರ್ಟಿನ ಫೋಟೊ ಕಳಿಸಲು ಹೇಳಿದ್ದೇನೆ.