ಧನುರ್ಮಾಸದ ಬಾಣಂತನ

ಕಾರ್ತೀಕದಲ್ಲಿ ಬೀದಿನಾಯಿಗಳು ಮಾಡಿದ ಸಾಲ ಧನುರ್ಮಾಸದಲ್ಲಿ ವಸೂಲಿಗೆ ಬರುತ್ತದೆ. ಸುಮಾರು 63 ದಿನದ ಬಸಿರು. ಪಂಚಾಂಗ ನೋಡದಿದ್ದರೂ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಬೆಂಗಳೂರು ಸ್ವೆಟರ್ ಹುಡುಕುವ ಹೊತ್ತಿಗೇ, ಚಳಿಗೆ ನಡುಗಲೂ ಬಾರದ ಮರಿಗಳು ಹುಟ್ಟುತ್ತವೆ. ಉತ್ಪ್ರೇಕ್ಷೆಯಲ್ಲ, ಮೊದಮೊದಲು ನಾಯಿಮರಿಗೆ ಮೈ ನಡುಗಿಸಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಕಣ್ಣು ಮುಚ್ಚಿದೆ, ಕಿವಿ ಮುಚ್ಚಿದೆ, ಹಲ್ಲು ಬಂದಿಲ್ಲ. ಇರುವುದು ಒಂದು ಮೂಗು ಮತ್ತು ಅದನ್ನು ಹಿಂಬಾಲಿಸುವ ಹಸಿವು.

ನಮ್ಮ ಸಿದ್ದಾಪುರದಲ್ಲಿ ಈಗ ಮನೆಗಳ ಮುಂದೆ ಮಣ್ಣೇ ಇಲ್ಲ. ಇದ್ದಷ್ಟು ಜಾಗಕ್ಕೆ ಟೈಲ್ಸ್ ಬಂದು, ಅದರ ಮೇಲೆ ಕಾರು ನಿಂತಿದೆ. ಉಳಿದಿರುವ ಮಣ್ಣೆಲ್ಲ ಲಾಲ್‌ಬಾಗಿನಲ್ಲಿ, ಇಲ್ಲವೇ ಸುತ್ತಲಿನ ನರ್ಸರಿಗಳ ಕುಂಡಗಳಲ್ಲಿ. ನಮ್ಮ ಬೀದಿಯ ಕಪ್ಪುನಾಯಿಯೂ ಮರಿ ಹಾಕಲು ಒಂದು ನರ್ಸರಿಯ ಗೊಬ್ಬರದ ಮೂಟೆಗಳ ಸಂದಿಯನ್ನೇ ಆರಿಸಿಕೊಂಡಿತು. ಮಹಾಭಾರತದಲ್ಲಿ, ತನ್ನ ಮರಿಗೆ ಹೊಡೆದರೆಂದು ಜನಮೇಜಯನ ಯಾಗಶಾಲೆಗೇ ಹೋಗಿ ನ್ಯಾಯ ಕೇಳಿದ ನಾಯಿ ಸರಮೆ. ಹತ್ತಿರ ಹೋದವರಿಗೆಲ್ಲ ಹಲ್ಲು ತೋರಿಸುತ್ತಿದ್ದ ಇವಳಿಗೂ ಅದೇ ಹೆಸರಿಟ್ಟೆ. ನರ್ಸರಿಯ ಹುಡುಗರು ‘ಕರಿಯಮ್ಮ’ ಅಂದರು. ಅವಳು ಓಗೊಟ್ಟಿದ್ದು ಅದಕ್ಕೇ.

ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರೆಲ್ಲ ಬಾಣಂತನಕ್ಕೆ ಸೇರಿಬಿಟ್ಟರು. ಮೇಲಿನ ಮಹಡಿಯ ಸಾಫ್ಟ್‌ವೇರ್ ಹುಡುಗಿ ವಾಟ್ಸಾಪ್ ಗುಂಪು ತೆರೆದಳು. ಎದುರು ಮನೆಯ ಅಜ್ಜಿ, “ಬಾಣಂತಿಗೆ ಥಂಡಿ ಆಗತ್ತೆ ಕಣಪ್ಪಾ, ಕಿವಿಗೊಂದು ಬಟ್ಟೆ ಕಟ್ಟೋಕಾಗಲ್ವಾ?” ಎಂದರು. ಕಟ್ಟಲು ಯಾರೂ ಮುಂದಾಗಲಿಲ್ಲ. ಇನ್ನೊಬ್ಬರು ಹಸುವಿನ ಹಾಲು, ಫಿಲ್ಲರ್ ಹಿಡಿದು ಬಂದರು. ನೋಡಲು ಬಂದಿದ್ದ ಪಶುವೈದ್ಯರು ಕೈ ಅಡ್ಡ ಹಿಡಿದರು: “ಮರಿಗಳಿಗೆ ಏನೂ ಕೊಡಬೇಡಿ ಸಾರ್, ಅಮ್ಮನಿಗೆ ಕೊಡಿ.” ನಾಯಿಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಹಸುವಿನ ಹಾಲಿಗಿಂತ ದುಪ್ಪಟ್ಟು. ಮೊದಲ ದಿನದ ಗಿಣ್ಣುಹಾಲಿನಲ್ಲೇ ಮರಿಗಳಿಗೆ ರೋಗದಿಂದ ರಕ್ಷಣೆಯೂ ಸಿಗುತ್ತದೆ. ಇನ್ನು ಉಚ್ಚೆಯೂ ಅವುಗಳಿಗೆ ತಾನಾಗಿ ಬರುವುದಿಲ್ಲ. ತಾಯಿ ನೆಕ್ಕಿ ಹೊರಡಿಸಬೇಕು. ತಬ್ಬಲಿ ಮರಿಯಾದರೆ ಆ ಕೆಲಸವನ್ನು ನಾವೇ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ, ರಾತ್ರಿಯೂ ಎದ್ದೆದ್ದು ಮಾಡಬೇಕೆಂದು ವೈದ್ಯರು ಹೇಳಿದಾಗ ಗುಂಪಿನ ಉತ್ಸಾಹ ತುಸು ಇಳಿಯಿತು. ಸರಮೆ ಬದುಕಿರುವುದು ಎಷ್ಟು ದೊಡ್ಡ ಉಪಕಾರವೆಂದು ಎಲ್ಲರಿಗೂ ಹೊಳೆಯಿತು.

ಹೀಗೆ ನಮಗೆ ಉಳಿದಿದ್ದು ಅಡುಗೆ ಕೆಲಸ. ಮುದ್ದೆ, ಮೊಟ್ಟೆ, ಚಿಕನ್ ಅಂಗಡಿಯಿಂದ ತಂದ ಕೋಳಿಕಾಲುಗಳ ಸಾರು. ಜೊತೆಗೆ ಹಳೆಯ ಪಂಚೆಗಳು, ಒಣ ಗೋಣಿಚೀಲ, ಮೇಲೊಂದು ಟಾರ್ಪಾಲು. ಅಡುಗೆಮನೆಯ ತಕ್ಕಡಿಯಲ್ಲಿ ಮರಿಗಳನ್ನು ದಿನಾ ತೂಗಿದ್ದು ಆ ಸಾಫ್ಟ್‌ವೇರ್ ಹುಡುಗಿ. ತೂಕ ಏರದ ಮರಿಗೆ ಹಾಲು ಸಾಲದೆಂದು ಅರ್ಥ. ನನ್ನ ಕೆಲಸ ತೂಕ ಬರೆದಿಡುವುದು. ನಿವೃತ್ತ ಗುಮಾಸ್ತನಿಗೆ ಇದಕ್ಕಿಂತ ಗೌರವದ ಹುದ್ದೆ ಸಿಕ್ಕಿರಲಿಲ್ಲ.

ಎರಡು ವಾರಕ್ಕೆ ಕಣ್ಣು ತೆರೆಯಿತು. ಸಾಲಾಗಿ ಬಗ್ಗಿ ನಿಂತ ನಮ್ಮ ಮುಖಗಳನ್ನು ನೋಡಿ ಮರಿಗಳು ಮತ್ತೆ ಹಾಲಿಗೆ ತಿರುಗಿದವು. ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದ ಜನ ಬೀದಿ ತುಂಬುವ ಹೊತ್ತಿಗೆ ಕುಂಡಗಳ ನಡುವೆ ಓಡತೊಡಗಿ, ಒಂದು ಮರಿ ಮಾರಾಟದ ದಾಸವಾಳಗಳ ಬುಡವನ್ನೆಲ್ಲ ಬಗೆದಿಟ್ಟಿತು. ನರ್ಸರಿಯಣ್ಣ ಬೈದ, ಆದರೆ ಮೆಲ್ಲಗೆ.

2023ರ ಸಮೀಕ್ಷೆಯಲ್ಲಿ ಪಾಲಿಕೆ ನಗರದಲ್ಲಿ ಎಣಿಸಿದ್ದು ಸುಮಾರು 2.79 ಲಕ್ಷ ಬೀದಿನಾಯಿಗಳು. ಅಷ್ಟರ ಮೇಲೆ ಇನ್ನಷ್ಟು ಸೇರಿಸುವುದು ಬೇಡವೆಂದು ಎಂಟು ವಾರ ತುಂಬಿದ ಮೇಲೆ ಮರಿಗಳಿಗೆ ಮನೆ ಹುಡುಕಿದೆವು. ಹಾಲು ಬತ್ತಿದ ಮೇಲೆ ಸರಮೆಗೂ ಆಪರೇಷನ್ ಆಯಿತು. ಗುರುತಿಗೆ ಕಿವಿಯ ತುದಿ ಕತ್ತರಿಸಿಕೊಂಡು ಅದೇ ಬೀದಿಗೆ ಮರಳಿದಳು.

ವಾಟ್ಸಾಪ್ ಗುಂಪು ಇನ್ನೂ ಇದೆ. ಈಗ ಅಲ್ಲಿ ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂಬ ಮಾತು. ನಡುವೆ ಯಾವಾಗಲೋ ಸೋಫಾ ಮೇಲೆ ಕಾಲು ಚಾಚಿ ಮಲಗಿದ ದಢೂತಿ ನಾಯಿಯೊಂದರ ಫೋಟೋ ಬರುತ್ತದೆ. ಅಜ್ಜಿ ಕನ್ನಡಕ ಏರಿಸಿಕೊಂಡು ನನ್ನ ಫೋನಿನಲ್ಲಿ ನೋಡಿ, “ಇಳಿದುಹೋಗಿದೆ ಮಗು. ಏನು ಹಾಕ್ತಾರಂತೆ ಆ ಮನೇಲಿ?” ಎನ್ನುತ್ತಾರೆ.