ಔಟ್‌ಟರ್ನ್ ಎಷ್ಟು ಬರುತ್ತದೆ, ಮೇಡಂ?

ಅಪ್ಪ ಜೀವನಪೂರ್ತಿ ಕಾಫಿ ಬೆಳೆದರು. ಆದರೆ ಅದರಲ್ಲಿ ಬಹುಪಾಲು ವರ್ಷ ಅವರಿಗೆ ಬೆಲೆ ಹೇಳುವ ಪ್ರಸಂಗವೇ ಬರಲಿಲ್ಲ. 1942ರ ಕಾಫಿ ಕಾಯ್ದೆಯ ಕಾಲ ಅದು. ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು. ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ತಲುಪಿಸಿ ರಸೀದಿ ತಂದರೆ ಬೆಳೆಗಾರನ ಕೆಲಸ ಮುಗಿಯಿತು. ಮೊದಲು ಒಂದಿಷ್ಟು ಮುಂಗಡ, ಆಮೇಲೆ ಬೋರ್ಡು ಮಾರಿದ ಹಾಗೆಲ್ಲ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ. ಹಿಂದಿನ ಫಸಲಿನ ಕಂತು ಕೈಸೇರುವಷ್ಟರಲ್ಲಿ ಮುಂದಿನ ಫಸಲಿಗೆ ಗಿಡ ಹೂ ಬಿಟ್ಟಾಗಿರುತ್ತಿತ್ತು. ಯಾರಾದರೂ "ಎಷ್ಟು ಬಂತು?" ಎಂದು ಕೇಳಿದರೆ ಅಪ್ಪ "ಕೊಟ್ಟಷ್ಟು ಬಂತು" ಅನ್ನುತ್ತಿದ್ದರು. ಅದರಲ್ಲಿ ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಮಳೆ ಎಷ್ಟು ಇಂಚು ಬಂತು ಎಂದು ಹೇಳುವ ದನಿಯೇ ಅದಕ್ಕೂ.

ತೊಂಬತ್ತರ ದಶಕದಲ್ಲಿ ಈ ಪದ್ಧತಿ ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಮಂಜು ಹೆಪ್ಪುಗಟ್ಟಿ ಕಾಫಿ ಸುಟ್ಟುಹೋಗಿ ಬೆಲೆ ಏರಿದಾಗ ಕೊಡಗಿನ ನಮ್ಮ ಸೋಮವಾರಪೇಟೆಯ ಹೋಟೆಲುಗಳಲ್ಲಿ ಕೂತವರೆಲ್ಲ ಭೂಗೋಳ ಪಂಡಿತರಾದರು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ತಮ್ಮ ಕಾಫಿ ತಾವೇ ಮಾರುವ ಪೂರ್ತಿ ಸ್ವಾತಂತ್ರ್ಯ ಬಂತು. ಕಾಫಿ ವ್ಯಾಪಾರಿ ಮನೆ ಅಂಗಳಕ್ಕೇ ಬಂದು "ಏನು ರೇಟು ಹೇಳ್ತೀರಿ?" ಎಂದು ಕೇಳಿದ ಮೊದಲ ದಿನ ಅಪ್ಪ ತಿರುಗಿ ನನ್ನ ಮುಖ ನೋಡಿದರು. ನಾನು ಅಮ್ಮನ ಮುಖ ನೋಡಿದೆ.

ಈಗ ನಮ್ಮೂರಿನವರನ್ನು ಯಾರೂ ಯಾಮಾರಿಸಲಾರರು. ಬೆಳಗ್ಗೆ ಎದ್ದು ಮೊಬೈಲಿನಲ್ಲಿ ರೋಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ನೋಡಿಯೇ ಹಲ್ಲುಜ್ಜುತ್ತಾರೆ. 2024ರಲ್ಲಿ ರೋಬಸ್ಟಾ ಚೆರ್ರಿ ಚೀಲ 10,000 ರೂಪಾಯಿ ದಾಟಿದಾಗಲೂ "ಇನ್ನೂ ಏರುತ್ತೆ ಇರಿ, ವಿಯೆಟ್ನಾಮಿನಲ್ಲಿ ಬೆಳೆ ಇಲ್ಲ" ಎಂದು ಗೋಡೌನಿಗೆ ಬೀಗ ಜಡಿದವರಿದ್ದರು. ಕಾಫಿಗೆ ಬೆಲೆ ಹೇಳುವುದನ್ನು ನಾವು ಒಂದೇ ತಲೆಮಾರಿನಲ್ಲಿ ಕಲಿತುಬಿಟ್ಟೆವು. ನಮಗೆ ನಾವೇ ಬೆಲೆ ಹೇಳಿಕೊಳ್ಳುವುದು ಮಾತ್ರ ಇನ್ನೂ ಪೂಲಿಂಗ್ ಕಾಲದಲ್ಲೇ ನಿಂತಿದೆ.

ನನ್ನದೇ ನೋಡಿ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಊರಿಗೆ ಬಂದವನು ಮರಳಿ ಹೋಗಲೇ ಇಲ್ಲ. ಕಂಪನಿ ಕೊನೆಗೆ "ಆಫೀಸಿಗೆ ಬನ್ನಿ, ಇಲ್ಲವೇ ಬಿಡಿ" ಎಂದಿತು. ಬಿಟ್ಟೆ. ಮನೆಯಿಂದಲೇ ಮಾಡುವ ಕೆಲಸ ಹುಡುಕಲು ಕೂತಾಗ ಎಚ್‌ಆರ್‌ನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಈಗಿನ ಸಂಬಳ ಎಷ್ಟು? ನಿಮ್ಮ ಎಕ್ಸ್‌ಪೆಕ್ಟೇಷನ್ ಎಷ್ಟು?" ಬಾಯಿಂದ ಹೊರಬಿದ್ದದ್ದು ಅಪ್ಪನ ದನಿ: "ನಿಮ್ಮ ಕಂಪನಿಯಲ್ಲಿ ಎಷ್ಟು ಕೊಡ್ತೀರೋ ಅಷ್ಟು."

ಹಿಂದಿನ ಸಂಬಳ ಕೇಳಿ ಅದರ ಮೇಲೆ ಇಷ್ಟು ಪರ್ಸೆಂಟ್ ಎಂದು ಹಾಕುವ ಲೆಕ್ಕ ನನಗೆ ಇವತ್ತಿಗೂ ತಲೆಗೆ ಹೋಗಿಲ್ಲ. ಯಾವ ಕಾಫಿ ವ್ಯಾಪಾರಿಯೂ "ಹೋದ ವರ್ಷ ಎಷ್ಟಕ್ಕೆ ಕೊಟ್ಟಿದ್ದಿರಿ? ಅದರ ಮೇಲೆ ಸ್ವಲ್ಪ ಹಾಕಿಕೊಡ್ತೀನಿ" ಅನ್ನುವುದಿಲ್ಲ. ಅಂದರೆ ಚೀಲ ಆಟೋ ಹತ್ತುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2018ರಿಂದ, ಸಂಬಳದ ಆಫರ್ ಕೊಡುವ ಮೊದಲು ಹಳೇ ಸಂಬಳ ಕೇಳುವುದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಮೂರು ತಿಂಗಳ ಪೇ ಸ್ಲಿಪ್ ಸಮೇತ ಒಪ್ಪಿಸಬೇಕು.

ಕಂಪನಿಯವರು ಹೇಳುವ ಅಂಕಿಯಾದರೂ ನಿಜವೇ? ಚೆರ್ರಿ ಮಾರುವವನಿಗೆ ಐವತ್ತು ಕೆಜಿ ಚೀಲ ಮುಖ್ಯವಲ್ಲ, ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ನಿಲ್ಲುತ್ತದೆ ಅನ್ನುವ ಔಟ್‌ಟರ್ನ್ ಮುಖ್ಯ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವ ನೋಡಿ "ಇಪ್ಪತ್ತಾರು" ಅನ್ನುತ್ತಾನೆ. ನೀವು "ಇಪ್ಪತ್ತೆಂಟು" ಅನ್ನುತ್ತೀರಿ. ಜಗಳ ಅಲ್ಲಿಂದ ಶುರು. ಸಿಟಿಸಿ (ಕಾಸ್ಟ್ ಟು ಕಂಪನಿ) ಎಂದು ಕಂಪನಿ ಹೇಳುವುದು ಸಿಪ್ಪೆ ಸಮೇತದ ಚೀಲ. ಮೂಲ ವೇತನದ ಶೇಕಡಾ 12ರಷ್ಟು ಕಂಪನಿಯ ಪಿಎಫ್ ಪಾಲು ಅದರೊಳಗೆ, ಶೇಕಡಾ 4.81 ಗ್ರಾಚ್ಯುಟಿ ಅದರೊಳಗೆ. ಇನ್ಶೂರೆನ್ಸ್ ಪ್ರೀಮಿಯಂ ಅದರೊಳಗೆ. ಬಂದರೆ ಬಂತು ಅನ್ನುವ ವೇರಿಯಬಲ್ ಪೇ ಕೂಡ ಅದರೊಳಗೆ. ಗ್ರಾಚ್ಯುಟಿ ಕೈಗೆ ಸಿಗಲು ಸಾಮಾನ್ಯವಾಗಿ ಐದು ವರ್ಷ ಒಂದೇ ಕಡೆ ಕೂರಬೇಕು. ಎರಡು ವರ್ಷಕ್ಕೊಮ್ಮೆ ಕೆಲಸ ಬದಲಾಯಿಸುವವರಿಗೂ ಅದನ್ನು ಸಂಬಳ ಎಂದೇ ಎಣಿಸಿ ತೋರಿಸುತ್ತಾರೆ. "ಔಟ್‌ಟರ್ನ್ ಎಷ್ಟು ಬರುತ್ತದೆ, ಮೇಡಂ?" ಎಂದು ಕೇಳುವ ಆಸೆ ನಾಲಿಗೆಯ ತುದಿವರೆಗೆ ಬಂದು ಹಿಂದೆ ಹೋಗುತ್ತಿತ್ತು.

ಇನ್ನು ಹೊತ್ತಿನ ವಿಷಯ. ಪ್ಲಾಂಟೇಷನ್ ಕಾರ್ಮಿಕರಿಗೆಂದು 1951ರಲ್ಲೇ ಒಂದು ಕಾಯ್ದೆ ಬಂದಿತ್ತು. ಆಮೇಲಿನ ತಿದ್ದುಪಡಿಯಲ್ಲಿ ವಾರಕ್ಕೆ 48 ಗಂಟೆ, ಮೀರಿದರೆ ದುಪ್ಪಟ್ಟು ಕೂಲಿ ಎಂದಾಯಿತು. ಮಳೆ, ಚಳಿಗೆ ಮಾಲೀಕರೇ ಕೊಡೆ, ಕಂಬಳಿ, ರೈನ್‌ಕೋಟ್ ಕೊಡಬೇಕೆಂದು ನಿಯಮ ಮಾಡಲು ಅದರಲ್ಲಿ ಅವಕಾಶವಿತ್ತು. ಕಾರ್ಮಿಕರ ಲೈನ್ ಮನೆಗಳಲ್ಲಿ ಇದೆಲ್ಲ ಎಷ್ಟು ಸಿಕ್ಕಿತು ಅನ್ನುವುದು ಬೇರೆಯೇ ಕತೆ. ಆದರೂ ಸಂಜೆ ತೋಟದ ಗಂಟೆ ಹೊಡೆದ ಮೇಲೆ ರೈಟರು ಲೈನಿಗೆ ಬಂದು "ಒಂದೈದು ನಿಮಿಷ ಮಾತಾಡಬಹುದಾ?" ಎಂದು ಯಾರನ್ನೂ ಕೇಳುತ್ತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನನ್ನಂಥವರು ಬೆಚ್ಚಿದ್ದು ಇದಕ್ಕೇ: ಕೆಲಸದ ಹೊತ್ತು ಮುಗಿದ ಮೇಲೆ ಬಾಸು ಕೇಳುವ ಐದೈದು ನಿಮಿಷ ಕೂಡಿಸಿದರೆ ಅಷ್ಟು ಗಂಟೆ ಆಗಲೇ ಆಗಿಹೋಗಿತ್ತು, ಕಂಬಳಿ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಮೊದಲು ನಮ್ಮನ್ನು ಊರೇ ಕಾಯುತ್ತಿತ್ತು. ರಜೆಗೆ ಬಂದವನನ್ನು ಬಾಸು ಹುಡುಕಲಾಗುತ್ತಿರಲಿಲ್ಲ. "ಸರ್, ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ, ಮಳೆ, ಮರ ಬಿದ್ದಿದೆ." ಮೂರೂ ನಿಜ. ಯಾರ ಮನಸ್ಸನ್ನೂ ನೋಯಿಸದೆ, ಬೇಲಿ ಹಾಕದೆ, ಬೇಲಿಯೊಳಗೆ ಹಾಯಾಗಿರಬಹುದಿತ್ತು. ಆಮೇಲೆ ಫೈಬರ್ ಬಂತು. ಗದ್ದೆ ಬದಿಯ ಕಂಬದಿಂದ ಕಂಬಕ್ಕೆ ಕರಿ ವೈರು ಎಳೆದ ಹುಡುಗರಿಗೆ ಅಮ್ಮ ಕಾಫಿ ಕೊಟ್ಟು ಉಪಚರಿಸಿದಳು. ಈಗ "ರಾತ್ರಿ ಎಂಟರ ಮೇಲೆ ಫೋನ್ ಎತ್ತುವುದಿಲ್ಲ" ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಹಾಗೆ ಹೇಳಲು ಕಾನೂನೇ ಇದೆ. ಸೋಮವಾರಪೇಟೆಯವನಿಗೆ ಕಾನೂನು ಕೊಟ್ಟರೂ ದಾಕ್ಷಿಣ್ಯ ಬಿಡಬೇಕಲ್ಲ!

ನನ್ನ ಫೋನು ಸಂಭಾಷಣೆಯನ್ನು ಒಳಗಿಂದ ಕೇಳಿ ಕೇಳಿ ಅಮ್ಮನಿಗೆ ರೇಗಿತು. ಸೋಮವಾರದ ಸಂತೆಯಲ್ಲಿ ಒಣಮೀನಿನವನ ಬೆವರಿಳಿಸಿ ಬರುವವಳು ಅವಳು. "ರೇಟು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಮಗಾ. ನೀನು ಹೇಳಿದ್ದಕ್ಕೆ ನೀನೇ ಸಮಾಧಾನ ಹೇಳೋಕೆ ಹೋಗ್ತೀಯ. ಒಪ್ಪಲಿಲ್ಲ ಅಂದ್ರೆ ಎದ್ದು ನಡಿ, ಅವನೇ ಕರೀತಾನೆ." ವಿಡಿಯೋ ಕಾಲಿನಲ್ಲಿ ಎದ್ದು ಎಲ್ಲಿಗೆ ನಡೆಯುವುದು?

ಜುಲೈನ ಒಂದು ಮಧ್ಯಾಹ್ನ, ಬೆಂಗಳೂರಿನ ಒಂದು ಕಂಪನಿ. ಅವರು ತಮ್ಮ ಅಂಕಿ ಹೇಳಿದರು. ನಾನು ಉಸಿರು ಬಿಗಿಹಿಡಿದು ನನ್ನದು ಹೇಳಿದೆ. ಅದೇ ಧೈರ್ಯದಲ್ಲಿ ರಾತ್ರಿ ಎಂಟರ ಮಾತನ್ನೂ ಸೇರಿಸಿದೆ. ಎಚ್‌ಆರ್ ಮೇಡಂ "ಅದು ನಮ್ಮ ಬಜೆಟ್ ಮೀರುತ್ತೆ ಸರ್..." ಅಂದರು. "ಪರವಾಗಿಲ್ಲ ಮೇಡಂ, ನೀವು ಹೇಳಿದಷ್ಟೇ ಕೊಡಿ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲೋ ಲೈನಿನ ಮೇಲೆ ಕೊಂಬೆ ಮುರಿದು ಬಿತ್ತು. ಕರೆಂಟು ಹೋಯಿತು, ವೈಫೈ ಹೋಯಿತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಮೊದಲೇ ಇಲ್ಲ. ಹೊರಗೆ ಹೋಗಿ ನಿಲ್ಲಲಾಗದ ಮಳೆ.

ಮರುದಿನ ಕರೆಂಟು ಬಂದಾಗ ಇಮೇಲ್ ಕಾದಿತ್ತು. ನನ್ನ ದೃಢ ನಿಲುವು ಅವರಿಗೆ ಅರ್ಥವಾಗಿದೆಯಂತೆ. ಮೇಲಿನವರ ಹತ್ತಿರ ಮಾತಾಡಿದ್ದಾರಂತೆ. ನಾನು ಕೇಳಿದ್ದಕ್ಕಿಂತ ತುಸು ಕಮ್ಮಿ, ಅವರು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ. ರಾತ್ರಿ ಎಂಟರ ಷರತ್ತಿಗೂ ಒಪ್ಪಿಗೆ. ಅಮ್ಮ "ನಾನು ಹೇಳಲಿಲ್ವಾ?" ಅಂದಳು.

ಅವರದ್ದೂ ಒಂದು ಷರತ್ತಿದೆ: ಕೆಲಸಕ್ಕೆ ಸೇರುವುದರೊಳಗೆ ಮನೆಗೆ ಇನ್ವರ್ಟರ್ ಹಾಕಿಸಬೇಕು. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದ್ದೇನೆ. ಅವನು ಹೇಳಿದ ರೇಟಿಗೆ ನಾನು ಒಪ್ಪಿಲ್ಲ, ನಾನು ಕೇಳಿದ್ದಕ್ಕೆ ಅವನು ಒಪ್ಪಿಲ್ಲ. ಎದ್ದು ಬಂದಿದ್ದೇನೆ. ಅವನೇ ಕರೆಯಲಿ, ಮಳೆಗಾಲ ಮುಗಿಯುವವರೆಗೂ ನನಗೇನೂ ಅವಸರವಿಲ್ಲ.