ಬ್ರಾಂಚಿನ ಜಗಲಿ

2025ರ ನವೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಬ್ರಹ್ಮಾವರ ಪೇಟೆಗೆ ಹೋಗಿದ್ದೆ. ಪಿ.ಎಫ್. ಪಿಂಚಣಿಗೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಮಾಡಿಸಬೇಕು. ಬೆರಳಚ್ಚಿನ ಯಂತ್ರದ ಮೇಲೆ ಅಮ್ಮ ಹೆಬ್ಬೆರಳಿಟ್ಟಳು, ಬರಲಿಲ್ಲ. ತೋರುಬೆರಳು ಇಟ್ಟಳು, ಅದೂ ಬರಲಿಲ್ಲ. ಒರೆಸಿ, ಒದ್ದೆ ಮಾಡಿ, ಹತ್ತು ಬೆರಳನ್ನೂ ಇಟ್ಟದ್ದಾಯಿತು. ಸೈಬರಿನ ಹುಡುಗ, "ಅಮ್ಮ, ನೀವು ಬೀಡಿ ಕಟ್ಟುತ್ತಿದ್ದಿರಾ?" ಎಂದು ಕೇಳಿದ. ಅವನಿಗೆ ಇದು ಹೊಸತಲ್ಲ. ನಲವತ್ತು ವರ್ಷ ಒಣ ಎಲೆಯನ್ನು ಹೊಸೆದ ತುದಿಬೆರಳುಗಳಲ್ಲಿ ಗೆರೆ ಉಳಿದಿಲ್ಲ. ಕೊನೆಗೆ ಮೊಬೈಲಿನ ಕ್ಯಾಮೆರಾಕ್ಕೆ ಮುಖ ತೋರಿಸಿ ಅಮ್ಮ ಬದುಕಿದ್ದಾಳೆ ಎಂದು ದಾಖಲಾಯಿತು. ಪಿಂಚಣಿ ತಿಂಗಳಿಗೆ ಒಂದು ಸಾವಿರ ರೂಪಾಯಿ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಕನಿಷ್ಠ ಮೊತ್ತ ಅದು, ಆ ದಿನದ ತನಕ ಏರಿರಲಿಲ್ಲ.

ಅಲ್ಲಿಂದ ತಮ್ಮನ ಬಟ್ಟೆ ಅಂಗಡಿಗೆ ಹೋದೆವು. ಅಂಗಡಿಯಲ್ಲಿ ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ. ಗಲ್ಲೆಯ ಮೇಲೆ ಪೇಪರು ಬಿದ್ದಿತ್ತು. ನಾಲ್ಕು ಕಾರ್ಮಿಕ ಸಂಹಿತೆಗಳು ನವೆಂಬರ್ 21ರಿಂದ ಜಾರಿ, 1948ರ ಕನಿಷ್ಠ ವೇತನ ಕಾಯ್ದೆ ಇನ್ನು ವೇತನ ಸಂಹಿತೆಯೊಳಗೆ ಸೇರಿತು ಎಂಬ ಸುದ್ದಿ. ತಮ್ಮ ಅದನ್ನು ಮಡಚಿಟ್ಟು, "ಅಕ್ಕ, ಇವರು ಹೇಳಿದಷ್ಟು ಕೊಟ್ಟರೆ ನಾನು ಶಟರ್ ಎಳೆಯುವುದೇ" ಎಂದ. ಅದೇ ವರ್ಷ ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಕರಡು ಹೊರಡಿಸಿತ್ತು. ಮೂರನೆಯ ವಲಯದ ಅಕುಶಲ ಕೆಲಸಗಾರರಿಗೆ ತಿಂಗಳಿಗೆ 19,319 ರೂಪಾಯಿ. ತಮ್ಮ ಕೊಡುತ್ತಿದ್ದದ್ದು ಒಂಬತ್ತು ಸಾವಿರ. ಕರಡಿನ ಮಾತು ಹಾಗಿರಲಿ, ಆಗ ಜಾರಿಯಲ್ಲಿದ್ದ ದರಕ್ಕೂ ಅದು ಕಡಿಮೆ.

ಈ ತಮ್ಮ ಓದಿದ್ದು ಬೀಡಿ ದುಡ್ಡಿನಲ್ಲಿ. ನಾನೂ ಅಷ್ಟೆ. ನಮ್ಮ ಮನೆ ಹಂದಾಡಿ ಕಡೆ. ಅಪ್ಪಯ್ಯ ಗದ್ದೆ ಕೆಲಸ, ಮಳೆ ಬಿಟ್ಟರೆ ತೆಂಗಿನಕಾಯಿ ಕೆಲಸ ಎಂದು ಸಿಕ್ಕಿದ್ದು ಮಾಡುತ್ತಿದ್ದರು. ವಾರಕ್ಕೆ ಲೆಕ್ಕ ಹಿಡಿದು ಬರುವ ಹಣ ಎಂದರೆ ಬೀಡಿಯದು ಮಾತ್ರ. ಶಾಲೆಯಿಂದ ಬಂದವಳೇ ಗೆರಸಿ ತೊಡೆಯ ಮೇಲಿಟ್ಟು ಕೂರುತ್ತಿದ್ದೆ. ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕಿ ಹೊಸೆಯುವುದು, ತುದಿ ಮಡಚುವುದು, ನೂಲು ಸುತ್ತುವುದು. ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ. ಕೈ ನುರಿತ ಹೆಂಗಸು ಸಾವಿರ ಕಟ್ಟಬೇಕಾದರೆ ಬೆಳಗ್ಗೆ ಕೂತವಳು ದೀಪ ಹಚ್ಚುವ ತನಕ ಏಳಬಾರದು. ಸರ್ಕಾರ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿತ್ತು. ನಮ್ಮಲ್ಲಿ ಕೆಲಸದ ಕಾರ್ಡು ಒಂದೇ, ಅಮ್ಮನ ಹೆಸರಿನಲ್ಲಿ. ಕಟ್ಟುವ ಕೈ ಮಾತ್ರ ಅಮ್ಮನದು, ಅತ್ತೆಯದು, ನನ್ನದು. ಅತ್ತೆ ಇಪ್ಪತ್ತು ವರ್ಷ ಕಟ್ಟಿದರೂ ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವಳಿಗೆ ಆ ಸಾವಿರ ರೂಪಾಯಿಯ ಪಿಂಚಣಿಯೂ ಇಲ್ಲ.

ಎಲೆ, ಪುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪೆನಿಯ ಬ್ರಾಂಚು ಪೇಟೆಗೆ ಹೋಗುವ ದಾರಿಯಲ್ಲಿತ್ತು. ಹಂಚಿನ ಮಾಡು, ಉದ್ದ ಜಗಲಿ. ಬೀಡಿ ಕೊಡುವ ದಿನ ಆ ಜಗಲಿಯಲ್ಲಿ ನೂರಾರು ಹೆಂಗಸರು ಸಾಲು ಹಿಡಿಯುತ್ತಿದ್ದರು. ಮನೆಮನೆಯಲ್ಲಿ ಒಬ್ಬೊಬ್ಬರೇ ಕೂತು ಕಟ್ಟಿದವರು ಅಲ್ಲಿ ಒಟ್ಟಾಗುತ್ತಿದ್ದರು. ಒಳಗೆ ಮೇಜಿನ ಹಿಂದೆ ಚೆಕ್ಕರು. ಒಂದು ಕಟ್ಟನ್ನು ಎತ್ತಿ, ಬೆರಳಲ್ಲಿ ಒತ್ತಿ, ಮೂಗಿನ ಹತ್ತಿರ ಹಿಡಿದು, ಬೇಕಾದರೆ ಒಳಗೆ, ಬೇಡವಾದರೆ ಬದಿಗೆ. ಬದಿಗೆ ಇಟ್ಟದ್ದಕ್ಕೆ ಕೂಲಿ ಇಲ್ಲ, ಬೀಡಿಯೂ ವಾಪಸಿಲ್ಲ. ಅಮ್ಮನ ಕಣ್ಣು ಚೆಕ್ಕರನ ಮುಖದ ಮೇಲೆ ಇರುತ್ತಿರಲಿಲ್ಲ, ಅವನ ಎಡಗೈಯ ಮೇಲೆ ಇರುತ್ತಿತ್ತು. ಬದಿಗಿಡುವ ಕೈ ಅದು.

ಇನ್ನೊಂದು ನಷ್ಟ ಎಲೆಯಲ್ಲಿ. ಸಾವಿರಕ್ಕೆ ಇಷ್ಟು ತೂಕ ಎಂದು ಎಲೆ ಕೊಡುತ್ತಾರೆ. ಅದರಲ್ಲಿ ತೂತು ಬಿದ್ದದ್ದು, ಹುಳ ತಿಂದದ್ದು, ಮುಟ್ಟಿದರೆ ಪುಡಿಯಾಗುವುದು ಎಲ್ಲ ಸೇರಿ ತೂಕ. ಎಂಟುನೂರಕ್ಕೇ ಎಲೆ ಮುಗಿಯುತ್ತಿತ್ತು. ಕೊಡಬೇಕಾದದ್ದು ಮಾತ್ರ ಸಾವಿರ. ಉಳಿದದ್ದಕ್ಕೆ ಕೈಯಿಂದ ದುಡ್ಡು ಕೊಟ್ಟು ಅಂಗಡಿಯಲ್ಲಿ ಎಲೆ ಕೊಳ್ಳಬೇಕಿತ್ತು. ಒಂದು ದಿನ ಅಮ್ಮ ಎಲೆಯ ಕಟ್ಟನ್ನು ಲೆಕ್ಕ ಬರೆಯುವ ರೈಟರ ಮೇಜಿನ ಮೇಲೆ ಬಿಚ್ಚಿ ಹರಡಿ, "ಹೋಯ್ ರೈಟ್ರೇ, ಇದ್ರಗೆ ಸಾವ್ರ ಆತ್ತಾ? ನೀವೇ ಕಾಣಿ" ಎಂದಳು. ರೈಟರು ಕಾಣಲಿಲ್ಲ. ಆದರೆ ಸಾಲಿನಲ್ಲಿದ್ದವರೆಲ್ಲ ಕಂಡರು. ಹಿಂದಿನವಳು ತನ್ನ ಕಟ್ಟೂ ಬಿಚ್ಚಿದಳು. ಸರ್ಕಾರದ ಕಾಗದದಲ್ಲಿ ಕನಿಷ್ಠ ಕೂಲಿ ಪೂರಾ ಇತ್ತು, ಎಲೆಯಲ್ಲಿ ಅದು ಸೋರಿಹೋಗುತ್ತಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿ ಎಲೆ ಕೊಡುವ ಜಗಳ, ಬೀಡಿ ತಿರಸ್ಕರಿಸುವ ಜಗಳ ಎರಡನ್ನೂ ಹೆಸರಿಸಿಯೇ ಬರೆದಿದ್ದಾರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಕಾಯ್ದೆ ಬರೆದವರಲ್ಲಿ ಯಾರಿಗೋ ಇಂಥ ಜಗಲಿಯ ಪರಿಚಯ ಇದ್ದಿರಬೇಕು.

ಯೂನಿಯನ್ ನಮ್ಮ ಮನೆಗೆ ಬಂದದ್ದು ಆ ಜಗಲಿಯಿಂದಲೇ. ಕುಂದಾಪುರದ ಹಂಚಿನ ಕಾರ್ಖಾನೆಗಳಲ್ಲಿ ಕೆಂಬಾವುಟ ಮೊದಲೇ ಇತ್ತು. ಬೀಡಿಯವರಲ್ಲಿ ಎ.ಐ.ಟಿ.ಯು.ಸಿ., ಸಿ.ಐ.ಟಿ.ಯು. ಎರಡೂ ಇದ್ದವು. ಅಮ್ಮನಿಗೆ ಎರಡರ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತುಟ್ಟಿಭತ್ಯೆ ಎಂಬ ಶಬ್ದ. ಸಹಿ ಹಾಕಲು ಮಾತ್ರ ಕಲಿತವಳು "ಈ ಸಲ ಪಾಯಿಂಟ್ ಏರಿತ್, ಭತ್ಯೆ ಏರ್ಕ್" ಎಂದು ಹೇಳುತ್ತಿದ್ದಳು. ಬೆಲೆ ಸೂಚ್ಯಂಕ ಏರಿದರೆ ಸಾವಿರಕ್ಕೆ ಇಷ್ಟು ಪೈಸೆ ಏರಬೇಕು ಎಂಬುದನ್ನು ಜಗಲಿಯ ಸಾಲಿನಲ್ಲಿ ನಿಂತು ಕಲಿತಳು. ಸಭೆಯಲ್ಲಿ ಮಾತಾಡುವವರು ಗಂಡಸರು, ಕೇಳುವವರು ಬೀಡಿ ಕಟ್ಟುವ ಹೆಂಗಸರು. ಇದು ನನಗೆ ಆಗಲೂ ಸರಿ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ.

ನಾನು ಎಂಟನೆಯಲ್ಲಿದ್ದಾಗ ಮುಷ್ಕರವಾಯಿತು. ಮೂರು ವಾರ ಬ್ರಾಂಚಿಗೆ ಬೀಗ. ಎರಡನೆಯ ವಾರ ಅಂಗಡಿಯವರು ಸಾಲ ನಿಲ್ಲಿಸಿದರು. ಕಾರ್ಡೂ ಇಲ್ಲದೆ, ಲೆಕ್ಕವೂ ಇಲ್ಲದೆ ಕೆಲಸ ಕೊಡುವ ಒಬ್ಬ ಸಣ್ಣ ಗುತ್ತಿಗೆದಾರ ಕತ್ತಲಾದ ಮೇಲೆ ಎಲೆ, ಪುಡಿ ತಂದುಕೊಟ್ಟ. ಸಾವಿರಕ್ಕೆ ಬ್ರಾಂಚಿನ ಅರ್ಧ ಕೂಲಿ. ಅಮ್ಮ ಬಾಗಿಲು ಹಾಕಿಕೊಂಡು ನಾಲ್ಕು ರಾತ್ರಿ ಕಟ್ಟಿದಳು, ನಾನೂ ಕಟ್ಟಿದೆ. ಆಚೆಮನೆಯವರಿಗೆ ಪುಡಿಯ ಘಾಟಿನಿಂದಲೇ ಗೊತ್ತಾಯಿತು. ಮುಷ್ಕರ ಮುಗಿದು ಕೂಲಿ ಸ್ವಲ್ಪ ಏರಿತು. ಏರಿದ ಕೂಲಿಯನ್ನು ಅಮ್ಮನೂ ತಂದಳು. ಆಚೆಮನೆಯವರು ಒಂದು ವರ್ಷ ನಮ್ಮ ಬಾವಿಗೆ ಬರಲಿಲ್ಲ. ಅಮ್ಮ ಅವರನ್ನು ಬೈದದ್ದಿಲ್ಲ.

ಪಿ.ಎಫ್. ಬಂದದ್ದೂ ಜಗಳದ ದಾರಿಯಿಂದಲೇ. ಬೀಡಿ ಉದ್ದಿಮೆಗೆ ಅದನ್ನು ಅನ್ವಯಿಸಿದ್ದು 1977ರಲ್ಲಿ. ಮನೆಯಲ್ಲಿ ಕಟ್ಟುವವರು ನಮ್ಮ ಕೆಲಸಗಾರರೇ ಅಲ್ಲ ಎಂದು ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋದರು. ಬೀಡಿಯನ್ನು ಬೇಕು ಬೇಡ ಎನ್ನುವ ಅಧಿಕಾರ ನಿಮ್ಮದಾದ ಮೇಲೆ ಅವರು ನಿಮ್ಮ ಕೆಲಸಗಾರರೇ ಎಂದು 1985ರಲ್ಲಿ ತೀರ್ಪಾಯಿತು. ಚೆಕ್ಕರನ ಆ ಎಡಗೈಯೇ ಅಮ್ಮನಿಗೆ ಪಿ.ಎಫ್. ತಂದುಕೊಟ್ಟಿತು ಎನ್ನಬೇಕು. ನನ್ನ ಮದುವೆಯ ಕರಿಮಣಿ ಆ ದುಡ್ಡಿನದು.

ತಮ್ಮನ ವಾದ ನಮ್ಮ ಕಡೆ ಎಲ್ಲರೂ ಆಡುವ ವಾದವೇ. "ಯೂನಿಯನ್‌ನವರು ಹಂಚಿನ ಕಾರ್ಖಾನೆ ಮುಚ್ಚಿಸಿದರು, ಬೀಡಿಯನ್ನೂ ಮುಚ್ಚಿಸಿದರು. ಕೂಲಿ ಏರಿಸಿ ಎಂದು ಹೇಳಿ ಕೂಲಿಯೇ ಇಲ್ಲದ ಹಾಗೆ ಮಾಡಿದರು." ಹಂಚಿನ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರುಮಾಡಿದ ಕಸುಬು ಅದು. ಕುಂದಾಪುರದ ಹೊಳೆದಂಡೆಯಲ್ಲಿ ಚಿಮಣಿಗಳು ನಿಂತಿದ್ದವು, ದೊಡ್ಡಮ್ಮ ಅಲ್ಲಿ ಮಣ್ಣು ಹೊತ್ತವಳು. ಜನ ತಾರಸಿ ಮನೆ ಕಟ್ಟಿಸಲು ಹೊರಟರು, ಜೇಡಿಮಣ್ಣು ಸಿಗದಾಯಿತು, ಸೌದೆಯ ಬೆಲೆ ಏರಿತು. ತಮ್ಮನ ಮನೆಯೂ ತಾರಸಿಯದೇ. ಕೂಲಿ ಕೊಡಲು ನಮಗೆ ಶಕ್ತಿ ಇಲ್ಲ ಎಂದು ಕೇರಳದ ಹಂಚಿನ ಕಾರ್ಖಾನೆಯವರು ಹಾಕಿದ ಉಣ್ಣಿಚೋಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1961ರಲ್ಲೇ ಉತ್ತರ ಹೇಳಿದೆ. ಕನಿಷ್ಠ ವೇತನ ಗೊತ್ತುಮಾಡುವಾಗ ಮಾಲೀಕನ ಶಕ್ತಿ ಲೆಕ್ಕಕ್ಕೆ ಬರುವುದಿಲ್ಲ, ಕೆಲಸಗಾರನ ಬದುಕು ಮಾತ್ರ ಬರುತ್ತದೆ.

ಬೀಡಿಯ ವಿಷಯದಲ್ಲಿ ತಮ್ಮನ ಮಾತನ್ನು ಹಾಗೆ ತಳ್ಳಿಹಾಕಲಾರೆ. 1968ರಲ್ಲಿ ಕೇರಳ ಸರ್ಕಾರ ಬೀಡಿ ಕಾಯ್ದೆಯನ್ನು ಜಾರಿಮಾಡಿದಾಗ ಮಂಗಳೂರು ಮೂಲದ ಕಂಪೆನಿಗಳು ಕಣ್ಣೂರಿನ ಕೆಲಸ ನಿಲ್ಲಿಸಿ ಇತ್ತ ಬಂದವು. ಅಲ್ಲಿ ಸುಮಾರು 12,000 ಮಂದಿಯ ಕೆಲಸ ಹೋಯಿತು. ಅವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿಕೊಂಡರು. ಅಮ್ಮ ಗೆರಸಿ ಹಿಡಿದದ್ದು ಅದಾಗಿ ಸ್ವಲ್ಪ ವರ್ಷಕ್ಕೆ. ಕಣ್ಣೂರಿನ ಒಬ್ಬರ ಗೆರಸಿ ಖಾಲಿಯಾದದ್ದಕ್ಕೇ ನಮ್ಮ ಮನೆಯ ಗೆರಸಿ ತುಂಬಿತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಮೇಲೆ ಇದೇ ಕೆಲಸ ಇಲ್ಲಿಂದಲೂ ಕೂಲಿ ಕಡಿಮೆ ಇರುವ ಬಂಗಾಳದ ಕಡೆ ಹೋಯಿತು. ಸೇದುವವರು ಕಡಿಮೆಯಾದರು, 2017ರಲ್ಲಿ ಬೀಡಿಗೆ ಶೇ. 28ರ ಜಿ.ಎಸ್.ಟಿ. ಬಂತು, ಇದೆಲ್ಲ ನಿಜ. ಕೂಲಿಯ ಕಾರಣ ಇಲ್ಲವೇ ಇಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಒಂದು ಜಿಲ್ಲೆಯ ಹೆಂಗಸಿನ ಕೂಲಿಯನ್ನು ಇನ್ನೊಂದು ಜಿಲ್ಲೆಯ ಹಸಿದ ಹೆಂಗಸಿನ ಎದುರು ಇಟ್ಟು ತೂಗಿದ್ದು ಯೂನಿಯನ್ ಅಲ್ಲ. ದೇಶಕ್ಕೆಲ್ಲ ಒಂದೇ ತಳಮಟ್ಟದ ಕೂಲಿ ಗಟ್ಟಿಯಾಗಿ ಇದ್ದಿದ್ದರೆ ಹೀಗೆ ಓಡಲು ಜಾಗ ಸಿಗುತ್ತಿರಲಿಲ್ಲ. ಕೇಂದ್ರದ ತಳಮಟ್ಟ 2019ರ ಹೊತ್ತಿಗೆ ದಿನಕ್ಕೆ 178 ರೂಪಾಯಿ. ರಾಜ್ಯಗಳು ಅದನ್ನು ಪಾಲಿಸಬೇಕೆಂಬ ಕಟ್ಟುಪಾಡೂ ಆಗ ಇರಲಿಲ್ಲ. ಹೊಸ ಸಂಹಿತೆಯಲ್ಲಿ ತಳಮಟ್ಟಕ್ಕಿಂತ ಕೆಳಗಿಳಿಯಬಾರದು ಎಂದು ಬರೆದಿದ್ದಾರೆ. ಆ ಅಂಕಿ ಎಷ್ಟು ಎಂಬುದರ ಮೇಲೆ ಎಲ್ಲ ನಿಂತಿದೆ.

ಕೊನೆಕೊನೆಗೆ ಬ್ರಾಂಚಿನಲ್ಲಿ ವಾರಕ್ಕೆ ಎರಡು ಮೂರು ದಿನಕ್ಕಾಗುವಷ್ಟೇ ಎಲೆ ಕೊಡುತ್ತಿದ್ದರು. 2015ರ ಏಪ್ರಿಲಿನಿಂದ ಸಿಗಬೇಕಿದ್ದ ಸಾವಿರಕ್ಕೆ 12.75 ರೂಪಾಯಿ ತುಟ್ಟಿಭತ್ಯೆಗಾಗಿ ಹೆಂಗಸರು ವರ್ಷಗಟ್ಟಲೆ ಧರಣಿ ಕೂತರು. ಅಷ್ಟರಲ್ಲಿ ಅಮ್ಮ ಬಿಟ್ಟಾಗಿತ್ತು. ಈಗ ಆ ಬ್ರಾಂಚು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಬೇಕರಿ, ಮೆಡಿಕಲ್ ಸಾಲಾಗಿವೆ. ಪ್ರತಿಯೊಂದರಲ್ಲೂ ಒಬ್ಬರೋ ಇಬ್ಬರೋ ಹುಡುಗಿಯರು. ಬೆಳಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಎಂಟರ ಬಸ್ಸಿಗೆ ಓಡುತ್ತಾರೆ. ಒಬ್ಬಳ ಸಂಬಳ ಇನ್ನೊಬ್ಬಳಿಗೆ ಗೊತ್ತಿಲ್ಲ. ಯೂನಿಯನ್ ನೋಂದಾಯಿಸಲು ಏಳು ಮಂದಿ ಬೇಕು, ಪಿ.ಎಫ್.ಗೆ ಅಂಗಡಿಯಲ್ಲಿ ಇಪ್ಪತ್ತು ಮಂದಿ ಬೇಕು. ಕನಿಷ್ಠ ವೇತನಕ್ಕೆ ಒಬ್ಬಳೇ ಇದ್ದರೂ ಸಾಕು, ಆದರೆ ಆ ಒಬ್ಬಳು ಯಾರ ಎದುರು ಎಲೆಯ ಕಟ್ಟು ಬಿಚ್ಚಿ ತೋರಿಸಬೇಕು? ಕಾನೂನು ಅಮ್ಮನ ಕಾಲಕ್ಕಿಂತ ಹೆಚ್ಚು ಜನರನ್ನು ಒಳಗೆ ಸೇರಿಸಿಕೊಂಡಿದೆ, ಜಗಲಿ ಇಲ್ಲವಾಗಿದೆ. ಅಮ್ಮನಿಗೆ ಗೊತ್ತಿದ್ದ ಅಂಕಿ ಈ ಹುಡುಗಿಯರಿಗೆ ಗೊತ್ತಿಲ್ಲ. ನಾನು ಕೇಳಿ ನೋಡಿದ್ದೇನೆ.

ಆ ದಿನ ಅಂಗಡಿಯಲ್ಲಿ ತಮ್ಮನ ಲೆಕ್ಕವನ್ನೂ ನೋಡಿದೆ. ಬಾಡಿಗೆ, ಬ್ಯಾಂಕಿನ ಕಂತು, ಜನ ಆನ್‌ಲೈನಿನಲ್ಲಿ ಸೀರೆ ತರಿಸುವುದು ಎಲ್ಲ ತೋರಿಸಿದ. ಸುಳ್ಳು ಹೇಳಲಿಲ್ಲ. ನಾನು ಪೆನ್ನು ತೆಗೆದುಕೊಂಡು ಅವನ ಅಂಗಡಿಯ ಹುಡುಗಿಯೊಬ್ಬಳ ಲೆಕ್ಕ ಬರೆದೆ: ಬಸ್ಸು, ಅಕ್ಕಿ, ಗ್ಯಾಸು, ಅವಳ ತಾಯಿಯ ಸಕ್ಕರೆ ಕಾಯಿಲೆಯ ಮದ್ದು. ಒಂಬತ್ತು ಸಾವಿರ ಇಪ್ಪತ್ತನೆಯ ತಾರೀಕಿಗೆ ಮುಗಿಯಿತು. ತಮ್ಮ ಎರಡೂ ಚೀಟಿ ನೋಡಿದ, ಮಾತಾಡಲಿಲ್ಲ.

ಅಮ್ಮ ಮಾತ್ರ ಸ್ಟೂಲಿನ ಮೇಲೆ ಕೂತು ಸೀರೆ ಮಡಚುತ್ತಿದ್ದ ಹುಡುಗಿಯನ್ನೇ ನೋಡುತ್ತಿದ್ದಳು.

"ಹೆಣೆ, ನಿನ್ ಪುಸ್ತಕ ಎಲ್ಲಿತ್ತ್?" ಎಂದು ಕೇಳಿದಳು.

"ಯಾವ ಪುಸ್ತಕ ಅಜ್ಜಿ?"

"ಸಂಬಳ ಬರೆವ ಪುಸ್ತಕ. ದಿನ ಬರೆವುದ್, ರಜೆ ಬರೆವುದ್."

ಹುಡುಗಿ ತಮ್ಮನ ಕಡೆ ನೋಡಿದಳು. ತಮ್ಮ ಗಲ್ಲೆಯ ಕೆಳಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದ. ಅದರಲ್ಲಿ ಅವಳ ಹೆಸರಿನ ಎದುರು ಪ್ರತಿ ತಿಂಗಳು ಒಂದು ಅಂಕಿ ಇತ್ತು. ಸಹಿಯ ಕಾಲಂ ಖಾಲಿ. ಆ ಡಿಸೆಂಬರಿನಿಂದ ತಮ್ಮ ಇಬ್ಬರಿಗೂ ಎರಡೆರಡು ಸಾವಿರ ಏರಿಸಿದ್ದಾನೆ, ಸಹಿಯನ್ನೂ ಹಾಕಿಸಿಕೊಳ್ಳುತ್ತಿದ್ದಾನೆ. ಇನ್ನೂ ಕಡಿಮೆಯೇ. ಮೊನ್ನೆ ಹೋದಾಗ ಮತ್ತೆ ಅದನ್ನೇ ಹೇಳಿದೆ, ಮತ್ತೆ ಜಗಳವಾಯಿತು.